ಇಲಿಗಳಿಲ್ಲದ ತಲೆಬರಹ

ಸಾವಿರದ ನಾನೂರ ಹನ್ನೆರಡು, ಅಲ್ಲ, ಹದಿಮೂರು, ಅವಳು ನೋಡುತ್ತಿದ್ದಂತೆಯೇ ಪರದೆಯ ಮೂಲೆಯ ಅಂಕಿ ಏರಿತು, ಯಾರೋ ಎಲ್ಲೋ ಆ ಸುದ್ದಿಯನ್ನು ಮತ್ತೆ ಹಂಚಿದ್ದಾರೆ, ಮೂರು ಗಂಟೆಗೆ ಸಭೆ, ಇನ್ನು ಇಪ್ಪತ್ತು ನಿಮಿಷ, ನಿರ್ದೇಶಕರು ಬಾಗಿಲಲ್ಲಿ ತಲೆಯಷ್ಟೇ ಹಾಕಿ ಹೋದರು, ಏನ್ ಮೇಡಂ, ಎಷ್ಟಾಯ್ತು ನಮ್ಮ ಸ್ಕೋರು, ನಮ್ಮಲ್ಲಿ ಯಾವ ಪ್ರಬಂಧಕ್ಕೂ ಇಷ್ಟು ಬಂದಿರಲಿಲ್ಲ ಕಣ್ರೀ — ನಿಜ, ಇದರ ಹಿಂದಿನದಕ್ಕೆ ಬಂದದ್ದು ನಲವತ್ತೊಂದು, ಅದರಲ್ಲಿ ಆರು ಅವಳೇ ಹಾಕಿದ್ದು. ಸಂಸ್ಥೆಯ ಸಂಶೋಧನೆಗೆ ತಲೆಬರಹ ಕೊಡುವುದು, ಅದು ಅಂತರ್ಜಾಲದಲ್ಲಿ ಎಷ್ಟು ಕಡೆ ಕಾಣಿಸಿತೆಂದು ಎಣಿಸುವುದು ಅವಳ ಕೆಲಸ, ಪತ್ರಿಕೆಯ ಡೆಸ್ಕಿನಲ್ಲಿ ಹನ್ನೊಂದು ವರ್ಷ ಸವೆಸಿದವಳಿಗೆ ಎಣಿಕೆ ಏನು ಮಹಾ, ಆದರೆ ಇವತ್ತು ಬಗೆದು ನೋಡಿದ್ದಾಳೆ, ಸಾವಿರದ ನಾನೂರರಲ್ಲಿ ಮೂಲ ಪ್ರಬಂಧ ತೆರೆದವರು ಮೂವತ್ತೊಂದು ಜನ, ಇಲಿ ಎಂಬ ಪದ ಇರುವುದು ಒಂಬತ್ತು ಕಡೆ, ಅದರಲ್ಲೂ ಎರಡು ಆ ಪ್ರಯೋಗ ಮಾಡಿದ ವಿಜ್ಞಾನಿಯೇ ಬರೆದದ್ದು, ಪಾಪ, ಅವರು ಮೊದಲ ದಿನವೇ ಕೇಳಿದ್ದರು, ನನ್ನ ಇಲಿಗಳನ್ನ ಎಲ್ಲಿ ಬಿಟ್ಟು ಬಂದ್ರಿ ಮೇಡಂ, ಅವಳು ನಕ್ಕಿದ್ದಳು, ಮೂರನೇ ಪ್ಯಾರಾದಲ್ಲಿ ಇವೆ ಸಾರ್, ಕ್ಷೇಮವಾಗಿವೆ. ಇಪ್ಪತ್ನಾಲ್ಕು ಇಲಿಗಳು, ಪಂಜರದ ಸೀಳಿನಲ್ಲಿ ಮುಂಗಾಲು ಚಾಚಿ ಕಾಳು ಎತ್ತುವುದನ್ನು ಕಲಿಯಬೇಕು, ಅಭ್ಯಾಸದ ನಡುನಡುವೆ ವಿಶ್ರಾಂತಿ ಪಡೆದವು ಬೇಗ ಕಲಿತವು, ಸಂಶೋಧನೆ ಅಷ್ಟೇ, ಆದರೆ ತಲೆಬರಹದ ಪೆಟ್ಟಿಗೆಯಲ್ಲಿ ಒಂದು ಪದ ಹೆಚ್ಚಾಗುತ್ತಿತ್ತು, ಡೆಸ್ಕಿನ ಹಳೆಯ ಚಾಳಿ, ಬೆರಳು ತಾನಾಗಿ ಹೋಗಿ ಇಲಿಗಳಲ್ಲಿ ಎಂಬ ಮೊದಲ ಪದವನ್ನು ಅಳಿಸಿತು, ಉಳಿದದ್ದು — ಅಭ್ಯಾಸಕ್ಕಿಂತ ವಿಶ್ರಾಂತಿಯಿಂದಲೇ ಕೈ ಬೇಗ ಕಲಿಯುತ್ತದೆ.

ಮಧ್ಯಾಹ್ನ ಅಕ್ಕ ಕಳಿಸಿದ ವಿಡಿಯೊ ಮೇಜಿನ ಮೇಲಿನ ಫೋನಿನಲ್ಲಿ ಸದ್ದಿಲ್ಲದೆ ಓಡುತ್ತಿದೆ, ಮುಗಿಯುತ್ತದೆ, ಮತ್ತೆ ಓಡುತ್ತದೆ, ಭಾವನ ಬಲಗೈ, ಮೂವತ್ತು ವರ್ಷ ವಾಚು ರಿಪೇರಿ ಮಾಡಿದ ಕೈ, ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳು, ಹೆಬ್ಬೆರಳು ಒಂದು ಪುಟ್ಟ ತಿರುಪಿನ ಕಡೆಗೆ ಹೋಗುತ್ತದೆ, ನಡುಗುತ್ತದೆ, ಎಳ್ಳಷ್ಟು ದೂರದಲ್ಲಿ ನಿಲ್ಲುತ್ತದೆ. ವ್ಯಾಯಾಮ ಬಿಟ್ಟು ಮೂರು ವಾರ ಆಯ್ತು ಕಣೇ, ವಿಡಿಯೊ ಕಳಿಸಿ ಅಕ್ಕ ಫೋನ್ ಮಾಡಿದ್ದಳು, ಹೋದ ತಿಂಗಳು ತಿರುಪು ಎತ್ತಿ ಡಬ್ಬಿಗೆ ಹಾಕ್ತಿದ್ರು, ಈಗ ನೋಡು, ಬೈದ್ರೆ ನಿನ್ನ ಸುದ್ದಿ ತೋರಿಸ್ತಾರೆ, ನಮ್ ನಾದಿನಿ ಬರೆದಿದ್ದು, ಅವಳು ಪೇಪರ್‌ನವಳು, ಸುಮ್‌ಸುಮ್ನೆ ಬರೆಯಲ್ಲ ಅಂತಾರೆ. ಸುಮ್‌ಸುಮ್ನೆ ಬರೆಯಲ್ಲ — ಸುದ್ದಿ ಬಂದೂ ಮೂರು ವಾರವೇ, ಹಾಗಾದರೆ ಅದನ್ನು ಓದಿದ ಉಳಿದವರ ಮನೆಗಳಲ್ಲಿ ಎಷ್ಟು ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿವೆಯೋ, ಆ ಅಂಕಿ ಯಾವ ಪರದೆಯಲ್ಲೂ ಬರುವುದಿಲ್ಲ. ಸಭೆ ಮುಗೀಲಿ ಮೇಡಂ, ತಿದ್ದುಪಡಿ ಆಮೇಲೆ ನೋಡೋಣ, ನಿರ್ದೇಶಕರು ಹೀಗೇ ಹೇಳುತ್ತಾರೆಂದು ಕೇಳದೆಯೂ ಗೊತ್ತು, ಅದಕ್ಕೇ ಕೇಳಲಿಲ್ಲ, ಸಂಸ್ಥೆಯ ಪುಟದಲ್ಲೇ ಬರೆದಳು, ಈ ಅಧ್ಯಯನ ನಡೆದದ್ದು ಇಲಿಗಳ ಮೇಲೆ, ಚಿಕಿತ್ಸೆಯಲ್ಲಿರುವವರು ವ್ಯಾಯಾಮ ನಿಲ್ಲಿಸಬೇಡಿ, ತಲೆಬರಹ ತಪ್ಪು, ಬರೆದವಳು ನಾನು, ಪ್ರಕಟಣೆಯ ಗುಂಡಿ ಒತ್ತಿದಳು, ಅಂಕಿ ಇಳಿಯಲಿಲ್ಲ, ಹದಿಮೂರಿದ್ದದ್ದು ಹದಿನಾಲ್ಕಾಯಿತು, ಎಣಿಸುವ ಯಂತ್ರಕ್ಕೆ ಹೊಗಳಿಕೆ, ಬೈಗುಳ, ತಪ್ಪೊಪ್ಪಿಗೆ ಎಲ್ಲವೂ ಒಂದೊಂದೇ. ಹೊರಗೆ ಕುರ್ಚಿಗಳನ್ನು ಎಳೆಯುವ ಸದ್ದು, ಸಭೆಗೆ ಜನ ಸೇರುತ್ತಿದ್ದಾರೆ, ಅವಳು ಭಾವನಿಗೆ ಫೋನ್ ಹಚ್ಚಿದಳು, ಭಾವ, ನನ್ನದೇ ತಪ್ಪು, ಅದು ಮನುಷ್ಯರದ್ದಲ್ಲ, ಇಲಿಗಳದ್ದು, ಇವತ್ತಿಂದಲೇ ವ್ಯಾಯಾಮ ಶುರು ಮಾಡಿ — ಆ ಕಡೆಯಿಂದ ಭಾವನ ಓರೆ ಬಾಯಿಯ ನಗು, ಅಲ್ಲ ತಾಯೀ, ಇಲಿಗೇ ಬರುತ್ತೆ ಅಂದ್ಮೇಲೆ ನನಗೆ ಬರಲ್ವಾ, ಇನ್ನೊಂದು ವಾರ ನೋಡೋಣ ಬಿಡು, ಫೋನ್ ಇಟ್ಟರು, ಕರೆ ಮುಗಿದದ್ದೇ ಪರದೆಯ ಮೇಲೆ ಆ ವಿಡಿಯೊ ತಾನಾಗಿ ಮೊದಲಿನಿಂದ, ಮೇಜು, ತಿರುಪು, ಹೆಬ್ಬೆರಳು, ಇನ್ನೇನು ಮುಟ್ಟುತ್ತದೆ, ಮುಟ್ಟಬೇಕು, ಎಳ್ಳಷ್ಟು, ನಿಂತಿತು, ಮತ್ತೆ ಹೆಬ್ಬೆರಳು, ಎಳ್ಳಷ್ಟು —