ಜಡ್ಜ್ ಸಾಹೇಬರಿಗೆ ಕಳಿಸಿದ ನೀರು

ಬಣ್ಣದ ಕಾರ್ಖಾನೆಯ ವಿಷ ಬಾವಿಗೆ ಇಳಿದಿದೆ ಎನ್ನಲು ವಕೀಲೆಯ ಬಳಿ ಇದ್ದದ್ದು ಒಂದೇ ಸಾಕ್ಷಿ, ಅಜ್ಜಿ ತುಂಬಿಕೊಟ್ಟ ಬಾಟಲಿ ನೀರು. ವಿಚಾರಣೆಯ ಹಿಂದಿನ ದಿನ ಪ್ರಯೋಗಾಲಯದ ವರದಿ ಬಂತು. ನೀರಿನಲ್ಲಿ ಏನೂ ದೋಷವಿರಲಿಲ್ಲ. ವಕೀಲೆ ವರದಿ ಹಿಡಿದು ಅಜ್ಜಿಯ ಮನೆಗೆ ಬಂದಳು.

“ಅಜ್ಜಿ, ಇದು ನಿಮ್ಮ ಬಾವಿ ನೀರೇನಾ?”

“ಅಯ್ಯೋ, ಅಲ್ಲ ಕಣಮ್ಮಾ. ಜಡ್ಜ್ ಸಾಹೇಬರು ಕುಡಿದು ನೋಡ್ತಾರಲ್ವಾ? ಅವರೂ ಮಕ್ಕಳೊಂದಿಗರು. ಆ ಪಾಪ ನನಗ್ಯಾಕೆ ಅಂತ ಟ್ಯಾಂಕರ್ ನೀರು ತುಂಬಿಸಿದೆ.”

“ಯಾರೂ ಕುಡಿಯಲ್ಲ ಅಜ್ಜಿ. ಪರೀಕ್ಷೆ ಮಾಡ್ತಾರೆ, ಅಷ್ಟೇ.”

“ಹಾಗಾದ್ರೆ ಈಗ್ಲೇ ಸೇದಿ ಕೊಡ್ತೀನಿ, ತಾಳು” ಎಂದು ಎದ್ದ ಅಜ್ಜಿ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟರು. ಕಾರ್ಖಾನೆಯವರು ಹೋದ ವಾರವಷ್ಟೇ ಬಾವಿಗೆ ಮಣ್ಣು ತುಂಬಿಸಿದ್ದರು.

ಒಳಗೆ ಮೊಮ್ಮಗಳು ಹುಣ್ಣಾದ ಕೈ ಕೆರೆದುಕೊಳ್ಳುತ್ತಲೇ ಇದ್ದಳು. ವಕೀಲೆ ವರದಿಯನ್ನು ಮಡಚಿದಳು.