ನಿಲ್ಲಿಸುವ ಕೈ

ಊರಿನ ನಾಲ್ಕು ರಸ್ತೆ ಕೂಡುವಲ್ಲಿ ವರ್ಷಾನುಗಟ್ಟಲೆ ನಿಂತ ಟ್ರಾಫಿಕ್ ಪೊಲೀಸಪ್ಪನನ್ನು ಜನ ಸೀಟಿ ಸಾಹೇಬ ಅನ್ನುತ್ತಿದ್ದರು. ಲಾರಿ, ಬಸ್ಸು, ಹುಚ್ಚೆದ್ದ ಬೈಕು, ಯಾವುದೂ ಅವನ ಕೂದಲು ಕೊಂಕಿಸಿರಲಿಲ್ಲ. ಅಂಥವನು ಮನೆಯಲ್ಲಿ ಬಲ್ಬು ಬದಲಿಸಲು ಸ್ಟೂಲ್ ಹತ್ತಿ, ಬಿದ್ದು, ಬಲತೋಳಿನ ಮೂಳೆ ಮುರಿದುಕೊಂಡ. ಹಣೆಬರಹಕ್ಕೆ ಹೊಣೆ ಯಾರು!

ಸರ್ಜನ್ ತೋಳು ಕೊಯ್ದು, ಲೋಹದ ಪಟ್ಟಿ ಇಟ್ಟು, ಸ್ಕ್ರೂ ಬಿಗಿದರು. ಮೂಳೆಯೇನೋ ಕೂಡಿಕೊಂಡಿತು. ಆದರೆ ಅದನ್ನು ಸುತ್ತಿಕೊಂಡು ಹೋಗುವ ನರ ಬಿದ್ದಾಗಲೇ ಜಜ್ಜಿಹೋಗಿತ್ತು. ತೋಳು ಮೇಲೇಳುತ್ತಿತ್ತು, ಬೆರಳು ಮಡಚುತ್ತಿದ್ದವು. ಮಣಿಕಟ್ಟಿನಿಂದಾಚೆ ಕೈ ಮಾತ್ರ ಜೋತುಬೀಳುತ್ತಿತ್ತು.

"ನರ ತುಂಡಾಗಿಲ್ಲ. ನಿಧಾನಕ್ಕೆ ಸರಿಹೋಗ್ಬಹುದು, ಹೋಗದೇನೂ ಇರ್ಬಹುದು," ಅಂದರು ಸರ್ಜನ್.

ಅಂಗೈ ಎತ್ತದೆ ಗಾಡಿ ನಿಲ್ಲಿಸುವುದು ಹೇಗೆ? ಎಡಗೈ ಒಂದನ್ನೇ ನಂಬಿದರೆ ಇನ್ನೊಂದು ಬದಿಯವರು ಮೈಮೇಲೇ ಬಂದಾರು. ಕೈ ಏಳದಿದ್ದರೆ ಠಾಣೆಯ ಹಳೇ ಕಡತಗಳ ಕೋಣೆಯೇ ಗತಿ ಅಂದಿದ್ದರು ಇನ್‌ಸ್ಪೆಕ್ಟರು. ಆ ಕೋಣೆಗೆ ಕಿಟಕಿ ಸಹ ಇರಲಿಲ್ಲ.

ಮನೆಯಲ್ಲಿದ್ದವಳು ಅವನನ್ನು ಸಾಕಿ ಬೆಳೆಸಿದ ಅಕ್ಕ. ಊರ ಗಾಡಿಗಳನ್ನೆಲ್ಲ ನಿಲ್ಲಿಸಿದವನಿಗೆ ಅವಳ ಬಾಯಿ ನಿಲ್ಲಿಸಲು ಎಂದೂ ಬಂದಿರಲಿಲ್ಲ. ದಿನವೂ ಅವನು ಮೇಜಿನ ಮೇಲೆ ಮುಂಗೈಯಿಟ್ಟು, ಅಂಚಿನಿಂದ ಇಳಿಬಿದ್ದ ಕೈಯನ್ನು ಎತ್ತಲು ಹೆಣಗಬೇಕು. ಅವಳು ಎದುರಿಗೆ ಕೂರಬೇಕು.

"ಎತ್ತೋ ಸೋಮಾರಿ! ಚಿಕ್ಕೋನಿದ್ದಾಗ್ಲೂ ಹೀಗೇ, ಎಬ್ಬಿಸಿದ್ರೆ ಏಳ್ತಿರ್ಲಿಲ್ಲ."

ಮೊನ್ನೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ ಅವನ ಮುಂಗೈ ಮುಟ್ಟಿ, "ಏನೋ ಮಿಸುಕಿದ ಹಾಗಿದೆ" ಅಂದಿದ್ದಳು. ಅಕ್ಕ ನಂಬಲಿಲ್ಲ. ಆಸೆಪಟ್ಟು ಮೋಸಹೋಗುವುದೆಂದರೆ ಅವಳಿಗೆ ಭಯ.

"ಬೆಳಿಗ್ಗೆ ಇನ್‌ಸ್ಪೆಕ್ಟರ್ ಹತ್ರ ಹೋಗಿದ್ದೆ," ಅಂದಳು. "ನನ್ನ ತಮ್ಮನ್ನ ಆ ಕಡತದ ಕೋಣೇಲೇ ಕೂರ್ಸಿಬಿಡಿ ಅಂದೆ. ನಾಳೆ ಆರ್ಡರ್ ಆಗುತ್ತಂತೆ."

"ಯಾರನ್ನ ಕೇಳಿ ಹೋದೆ?"

"ಯಾರನ್ನ ಕೇಳ್ಬೇಕು? ನಿನ್ನ ಮೂಗು ಒರೆಸಿದ್ದು ಯಾರನ್ನ ಕೇಳಿ? ನೆರಳಲ್ಲಿ ಕೂತು ಸಂಬಳ ತಗೊಳ್ಳೋಕೆ ಏನ್ ದಾಡಿ? ಬಿಸ್ಲಲ್ಲಿ ಬೇಯೋದು, ಹೊಗೆ ಕುಡಿಯೋದು, ಕಂಡೋರ ಹತ್ರ ಬೈಸ್ಕೊಳ್ಳೋದು..."

"ಸಾಕು! ನಿಲ್ಸು!"

ಸಿಟ್ಟಿಗೆ ಬಲತೋಳು ತಾನಾಗಿಯೇ ಮುಂದೆ ಚಾಚಿಕೊಂಡಿತ್ತು. ಅಕ್ಕ ತೆರೆದ ಬಾಯಿ ತೆರೆದ ಹಾಗೇ ಸುಮ್ಮನಾದಳು. ಅವನಿಗೇ ಅಚ್ಚರಿ; ಹುಟ್ಟಿದಾಗಿನಿಂದ ಅವಳು ಅವನ ಮಾತಿಗೆ ಸುಮ್ಮನಾದದ್ದಿಲ್ಲ. ಆದರೆ ಅವಳು ಅವನ ಮುಖ ನೋಡುತ್ತಿರಲಿಲ್ಲ. ಅವಳು ನೋಡಿದಲ್ಲಿಗೇ ಅವನೂ ನೋಡಿದ. ಅಂಗೈ ಎದ್ದಿತ್ತು. ಪೂರ್ತಿಯಲ್ಲ, ಅರ್ಧ, ಬೆರಳು ಬಾಗಿಯೇ ಇದ್ದವು, ನಡುಗುತ್ತಿದ್ದವು.

"ಇಳಿಸ್ಬೇಡ ಕಣೋ," ಅಂದಳು. ಕಣ್ಣೊರೆಸಿಕೊಳ್ಳುತ್ತ ಚಪ್ಪಲಿ ಹುಡುಕತೊಡಗಿದಳು. "ನಡಿ, ಇನ್‌ಸ್ಪೆಕ್ಟರಿಗೆ ತೋರಿಸ್ಬೇಕು."

"ಬಿತ್ತಲ್ಲಕ್ಕಾ."

"ಬೀಳ್ಲಿ ಬಿಡು. ಒಂದ್ಸಲ ಎದ್ದಿದ್ದು ಇನ್ನೊಂದ್ಸಲ ಏಳುತ್ತೆ. ಬಾ, ದಾರೀಲಿ ಗಾಡಿ ನಾನ್ ನಿಲ್ಲಿಸ್ತೀನಿ."