ಬೆರಳು ತೋರಿಸಿದ್ದು ಯಾರಿಗೆ

ಮೈಕಿನಲ್ಲಿ ಜೀವ ಇರುವಾಗ ದನಿ ಏರಿಳಿಸುವ ಮಿಕ್ಸರ್ ಬಿಟ್ಟು ಏಳಬಾರದು ಎಂಬುದು ಕಿವಿಯಕ್ಕ ಕಲಿತ ಮೊದಲ ಪಾಠ. ಕಲಿಸಿದವನು, ಒಮ್ಮೆ ಸಭೆಯ ನಡುವೆ ಟೀ ಕುಡಿಯಲು ಎದ್ದು ಹೋಗಿ, ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಉಸುರಿದ ಮಾತನ್ನು ಇಡೀ ಸಭೆಗೆ ಕೇಳಿಸಿ ಕೆಲಸ ಕಳೆದುಕೊಂಡಿದ್ದ. ಅಂದಿನಿಂದ ಕಿವಿಯಕ್ಕ ಕಾರ್ಯಕ್ರಮಕ್ಕೆ ಮುಂಚೆ ನೀರು ಕುಡಿಯಲೂ ಹಿಂದೆಮುಂದೆ ನೋಡುತ್ತಿದ್ದಳು.

ಕಿವಿಯಕ್ಕ ಎಂಬ ಹೆಸರು ವಾದ್ಯತಂಡದ ಹುಡುಗರು ಇಟ್ಟದ್ದು. ತಂಡದ ಹಾಡುಗಾರ ಅವಳ ಒಡಹುಟ್ಟಿದ ತಮ್ಮ. ಎಂಥ ಗದ್ದಲದಲ್ಲೂ ಯಾರ ತಂತಿ ಶ್ರುತಿ ಬಿಟ್ಟಿದೆ ಎಂದು ದೂರದಿಂದಲೇ ಹೇಳುತ್ತಾಳೆ, ಮನೆಯಲ್ಲಿ ಮಾತ್ರ ಗಂಟಲು ಹರಿಯುವಂತೆ ಕೂಗಿದರೂ ಓಗೊಡುವುದಿಲ್ಲ ಎಂದು ಅಮ್ಮನ ದೂರು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವವರ ಪೈಕಿ ಅವಳು.

ಆ ವರ್ಷ ಸಂಗೀತೋತ್ಸವಗಳಿಗೆ ಏನೋ ಬಡಿದಿತ್ತು. ಅವಳ ತಮ್ಮನ ತಂಡದ ಡ್ರಮ್ಮರ್, ಬಸ್ ಡಿಪೋದ ಮುಷ್ಕರದಲ್ಲಿ ಕಾರ್ಮಿಕರು ಹಾಡುತ್ತಿದ್ದಾಗ ಡ್ರಮ್ ಬಾರಿಸಿದ್ದಕ್ಕೆ, ಜನರನ್ನು ಕೆರಳಿಸಿದ ಆರೋಪ ಹೊತ್ತು ಜೈಲು ಸೇರಿದ್ದ. ಅದನ್ನು ವಿರೋಧಿಸಿ ಒಂದು ಉತ್ಸವದಲ್ಲಿ ಕಲಾವಿದರು ಜನರಿಗೆ ಬೆನ್ನು ಹಾಕಿಕೊಂಡೇ ನುಡಿಸಿದರು. ಇನ್ನೊಂದರಲ್ಲಿ ಒಂದೇ ಹಾಡು ಹಾಡಿ ಕೆಳಗಿಳಿದರು. ಹಾಡೋಕೆ ಬಂದವರು ಹಾಡಿ ಹೋಗಬೇಕು ಎಂದು ಕೆಲವರು, ಹಾಡಿಗೆ ಬಾರಿಸಿದ್ದಕ್ಕೇ ಅಲ್ಲವೇ ಒಳಗೆ ಹಾಕಿದ್ದು ಎಂದು ಕೆಲವರು. ಒಂದೇ ಮನೆಯಲ್ಲಿ ಊಟಕ್ಕೆ ಕೂತವರೂ ಈ ಮಾತು ಬಂದರೆ ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಿದ್ದರು.

ಇಂಥ ಹೊತ್ತಿನಲ್ಲಿ ತಮ್ಮನ ತಂಡ ದೊಡ್ಡ ಮೈದಾನದ ಉತ್ಸವಕ್ಕೆ ಬಂತು. ಮಿಕ್ಸರ್ ಇದ್ದದ್ದು ಮೈದಾನದ ನಡುವೆ, ತಗಡಿನ ಚಪ್ಪರದಡಿ. ಅದರ ಮುಂದೆಯೇ ಗಣ್ಯರ ಕುರ್ಚಿಗಳು. ಸಂಜೆ ಬಿಸಿಲು ಇಳಿಯುವ ಮುಂಚೆ ಆಯೋಜಕ ಬೆವರು ಒರೆಸಿಕೊಳ್ಳುತ್ತಾ ಅವಳ ಹತ್ತಿರ ಬಂದ. ಸಚಿವರು ಆ ಕುರ್ಚಿಗಳ ಮೊದಲ ಸಾಲಿನಲ್ಲಿ ಕೂರುವವರಿದ್ದಾರೆ ಎಂದ. ಆಮೇಲೆ ದನಿ ತಗ್ಗಿಸಿದ.

"ನಿಮ್ಮ ತಮ್ಮ ಹಾಡಲಿ, ಕುಣೀಲಿ, ನಂದೇನೂ ಅಡ್ಡಿ ಇಲ್ಲ. ಮಾತು ಶುರು ಮಾಡಿದ್ರೆ ಮಾತ್ರ ದನಿ ಇಳಿಸಿಬಿಡಿ ಮೇಡಂ. ಅವನ ಒಳ್ಳೇದಕ್ಕೇ ಹೇಳ್ತಿರೋದು."

ಅವಳು ತಲೆಯಾಡಿಸಿದಳು. ಆಗಲಿ ಎಂದು ಆಡಿಸಿದಳೋ, ಕೇಳಿಸಿತು ಎಂದು ಆಡಿಸಿದಳೋ ಅವಳಿಗೇ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಹೀಗೇ ತಲೆಯಾಡಿಸಿಕೊಂಡು ಬಂದಿದ್ದಳು.

ವೇದಿಕೆಯ ಮೇಲೆ ಡ್ರಮ್ಮುಗಳಿಗೆ ಬಿಳಿ ಬಟ್ಟೆ ಹೊದಿಸಿದ್ದರು, ಹಿಂದಿನ ಸ್ಟೂಲು ಖಾಲಿ. ತಾಳವಿಲ್ಲದೆಯೇ ತಂಡ ಹಾಡಿತು. ಪ್ರತಿ ಹಾಡು ಮುಗಿದಾಗಲೂ ಕಿವಿಯಕ್ಕನ ಬೆರಳು ಮಿಕ್ಸರಿನಲ್ಲಿ ತಮ್ಮನ ದನಿಯ ಜಾರುಗುಂಡಿಯ ಮೇಲೆ ಬಂದು ಕೂರುತ್ತಿತ್ತು. ಕೊನೆಯ ಹಾಡಾದ ಮೇಲೆ ತಮ್ಮ ಗಿಟಾರನ್ನು ಬೆನ್ನಿಗೆ ಸರಿಸಿಕೊಂಡು ಮೈಕಿನ ಹತ್ತಿರ ಬಂದ. "ನಮ್ಮ ಡ್ರಮ್ಮರ್..." ಎಂದ. ಅಷ್ಟರಲ್ಲಿ ಅವಳ ಬೆರಳು ಕೆಳಗೆ ಜಾರಿತ್ತು. ಮೈದಾನದ ಸ್ಪೀಕರುಗಳು ಸುಮ್ಮನಾದವು.

ಆದರೆ ಹಾಡುಗಾರನಿಗೆ ತನ್ನ ದನಿ ತನಗೆ ಕೇಳಲೆಂದು ವೇದಿಕೆಯ ಮೇಲೆ ಇಡುವ ಪುಟ್ಟ ಸ್ಪೀಕರು ಬೇರೆ. ಅದನ್ನು ಅವಳು ಮುಟ್ಟಲಿಲ್ಲ. ಮರೆತಳೋ, ಗೊತ್ತಾದರೆ ಅವನು ರಂಪ ಮಾಡುತ್ತಾನೆಂದು ಹೆದರಿದಳೋ, ಆಮೇಲೆ ಎಷ್ಟು ಕೆದಕಿದರೂ ಅವಳಿಗೆ ತಿಳಿಯಲಿಲ್ಲ. ಅಂತೂ ತಮ್ಮ ನಿಶ್ಚಿಂತೆಯಿಂದ ಮಾತಾಡಿದ. ಮೈದಾನಕ್ಕೆ ಕಂಡದ್ದು ಅಲುಗುವ ತುಟಿಗಳು ಮಾತ್ರ. ಇದೂ ಪ್ರತಿಭಟನೆಯ ಒಂದು ಬಗೆ ಇರಬೇಕೆಂದು ಜನ ಗಪ್‌ಚಿಪ್ಪಾದರು. ನಡುವೆ ಅವನು ಕೈಯೆತ್ತಿ, ನೇರವಾಗಿ ಸಚಿವರು ಕೂತಿದ್ದ ಕಡೆಗೆ ಬೆರಳು ತೋರಿಸಿದ.

ವೇದಿಕೆಯ ಹೊರಗೆ ಅವನ ಮಾತನ್ನು ಕೇಳಿಸಿಕೊಂಡವಳು ಅವಳೊಬ್ಬಳೇ, ಹೆಡ್‌ಫೋನಿನಲ್ಲಿ. ಕೇಳಿ, ಮುಖಕ್ಕೆ ಬಿಸಿನೀರು ಎರಚಿದಂತಾಗಿ ಕೂತಳು.

ಕೆಳಗಿಳಿದ ತಮ್ಮ ಓಡುತ್ತಾ ಬಂದ. "ಏನಾಯ್ತಕ್ಕ, ಹೊರಗೆ ಕೇಳಿಸ್ಲೇ ಇಲ್ವಂತೆ?"

"ವೈರ್ ಲೂಸಾಗಿತ್ತು ಕಣೋ."

"ನಿನ್ನ ವೈರೂ ಲೂಸಾಗುತ್ತಾ?" ಎಂದು ನಕ್ಕ. ಅಷ್ಟೇ. ಮರುಮಾತಿಲ್ಲದೆ ನಂಬಿಬಿಟ್ಟ. ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ದಿನದಿಂದ ಆ ಬೆರಳು ಎಲ್ಲರ ಫೋನಿನಲ್ಲೂ ಎದ್ದಿತು. ದನಿಯಿಲ್ಲದ ವಿಡಿಯೋಗೆ ತಲೆಗೊಂದು ಮಾತು ಅಂಟಿಕೊಂಡಿತು. ಸಚಿವರ ತಾಯಿಯನ್ನು ಬೈದ ಎಂದರು ಒಬ್ಬರು, ಕೈಕಾಲು ಮುರಿಯುತ್ತೇನೆಂದ ಎಂದರು ಇನ್ನೊಬ್ಬರು. ಅವನ ಪರವಾಗಿದ್ದವರೋ, ಬೈದದ್ದು ಸರಿಯಾಗಿಯೇ ಇದೆ ಎಂದು ಬೆನ್ನು ತಟ್ಟಿದರು. ಬಾಯಿಗೆ ಬಂದಂತೆ ಬೈದು, ಸಾಕ್ಷಿ ಉಳಿಯದಿರಲೆಂದು ತಾನೇ ಮೈಕು ಆಫ್ ಮಾಡಿಕೊಂಡ ಎಂದ ಆಯೋಜಕ. ಪೊಲೀಸರಿಗೆ ದೂರು ಹೋಯಿತು. ಕ್ಷಮೆ ಕೇಳದಿದ್ದರೆ ಅವನನ್ನೂ ಡ್ರಮ್ಮರನ ಜೊತೆ ಕೂರಿಸುತ್ತಾರೆ ಎಂಬ ಸುದ್ದಿ ಹಬ್ಬಿತು. ಜೊತೆಗೆ ನುಡಿಸಿದ ಹುಡುಗರು ಅವನು ಹೇಳಿದ್ದು ಅದಲ್ಲ ಎಂದರೂ, ಒಂದೇ ಗೂಡಿನ ಹಕ್ಕಿಗಳು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿವಿಯಕ್ಕನ ಕೈ ಒಂದು ಕಡೆ ನಿಲ್ಲದಾಯಿತು. ಸುತ್ತಿಟ್ಟ ವೈರುಗಳನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ತಮ್ಮನ ಕೋಣೆಯ ಬಾಗಿಲವರೆಗೆ ಹೋಗುವಳು, ಟೀ ಬೇಕಾ ಎಂದು ಕೇಳಿ ವಾಪಸು ಬರುವಳು. ಎಷ್ಟು ಟೀ ಅಂತ ಕುಡಿಸ್ತೀಯೇ ಅವನಿಗೆ, ಜೈಲಿಗೆ ಹೋಗೋ ಮುಂಚೆ ಆಸ್ಪತ್ರೆಗೆ ಹೋಗ್ತಾನೆ ಎಂದು ಅಮ್ಮ ಗೊಣಗಿದಳು. ಗೊಣಗುತ್ತಾ ಮಗಳ ಮುಖವನ್ನು ತುಸು ಹೊತ್ತು ದಿಟ್ಟಿಸಿದಳು.

ತಮ್ಮ ಕ್ಷಮೆ ಕೇಳುವುದಿಲ್ಲ, ಪತ್ರಕರ್ತರನ್ನು ಕರೆದು ಮಾತಾಡುತ್ತೇನೆ ಎಂದ. ಮೈಕು ಯಾರದು ಎಂಬ ಪ್ರಶ್ನೆಯೇ ಬರಲಿಲ್ಲ. ಅಕ್ಕ ಇದ್ದಾಳಲ್ಲ.

ಪತ್ರಿಕಾಗೋಷ್ಠಿಯ ಸಭಾಂಗಣ ಉದ್ದಕ್ಕಿತ್ತು. ಒಂದು ತುದಿಗೆ ತಮ್ಮನ ಮೇಜು, ಇನ್ನೊಂದು ತುದಿಗೆ ಅವಳ ಮಿಕ್ಸರ್, ನಡುವೆ ಕುರ್ಚಿ ಸಾಲದೆ ನಿಂತ ವರದಿಗಾರರು. ಮೈಕಿನ ಕತ್ತಿನಲ್ಲಿ ಒಂದು ಸ್ವಿಚ್ಚಿರುತ್ತದೆ. ಮಾತಾಡುವವರು ಗೊತ್ತಿಲ್ಲದೆ ಒತ್ತಿಬಿಟ್ಟಾರೆಂದು ಅದರ ಮೇಲೆ ಟೇಪು ಸುತ್ತುವುದು ಅವಳ ರೂಢಿ. ಅಂದು ಮರೆತಿದ್ದಳು. ನೆನಪಾಗುವಷ್ಟರಲ್ಲಿ ಗೋಷ್ಠಿ ಶುರುವಾಗಿತ್ತು.

ಮುಂದಿನ ಸಾಲಿನ ವರದಿಗಾರ್ತಿ ಕೇಳಿದಳು, ಬೆರಳು ತೋರಿಸಿದ್ದು ಯಾರಿಗೆ?

"ನಮ್ಮಕ್ಕಂಗೆ," ಎಂದ ತಮ್ಮ.

ಸಭಾಂಗಣ ನಕ್ಕಿತು. ಅಕ್ಕನ ಸೆರಗಿನಲ್ಲಿ ಅಡಗಿಕೊಳ್ತೀರಾ ಎಂದು ಹಿಂದಿನಿಂದ ಒಬ್ಬ ಚುಚ್ಚಿದ. ಮೈಕು ಆಫ್ ಮಾಡಿಕೊಂಡದ್ದು ಯಾಕೆ ಎಂದು ಇನ್ನೊಬ್ಬ. ತಾನು ಆಫ್ ಮಾಡಿಲ್ಲ, ವೈರು ಲೂಸಾಗಿತ್ತು, ಅಲ್ಲಿ ಕೂತಿದ್ದಾಳೆ ನೋಡಿ, ಅವಳೇ ಹೇಳಿದ್ದು, ಅವಳು ಸುಳ್ಳು ಹೇಳುವವಳಲ್ಲ ಎಂದ ತಮ್ಮ. ಕುತ್ತಿಗೆಗಳೆಲ್ಲ ಅವಳತ್ತ ತಿರುಗಿದವು.

ಮಿಕ್ಸರಿನ ಪಕ್ಕದಲ್ಲಿ ಪುಟ್ಟದೊಂದು ಮೈಕಿರುತ್ತದೆ, ವೇದಿಕೆಯವರಿಗಷ್ಟೇ ಕೇಳುವಂತೆ ಮಾತಾಡಲು. ಕೆಲಸ ಕಲಿತಂದಿನಿಂದ ಅವಳು ಅದರಲ್ಲಿ ಆಡಿದ್ದು ಸ್ವಲ್ಪ ಹಿಂದೆ ಸರಿ, ಇನ್ನೊಮ್ಮೆ ಹಾಡು, ಇಂಥವೇ. ಈಗ ಅದನ್ನು ಸಭಾಂಗಣದ ಸ್ಪೀಕರಿಗೆ ತಿರುಗಿಸಿದಳು.

"ವೈರ್ ಸರಿಯಾಗೇ ಇತ್ತು. ದನಿ ಇಳಿಸಿದ್ದು ನಾನು. ಇಳಿಸಿ ಅಂತ ಆಯೋಜಕರು ಹೇಳಿದ್ರು, ನಾನು ತಲೆಯಾಡಿಸ್ದೆ. ಅವನು ಯಾರನ್ನೂ ಬೈಲಿಲ್ಲ. ನಮ್ಮ ಡ್ರಮ್ಮರ್ ತಾಳ ಹಾಕಿದ್ದಷ್ಟೇ, ಅವನನ್ನ ಬಿಡಿ ಅಂದ. ಆಮೇಲೆ ನನ್ನ ಕಡೆ ಬೆರಳು ಮಾಡಿ ಹೇಳ್ದ, ಅಲ್ಲಿ ಕೂತಿರೋದು ನಮ್ಮಕ್ಕ, ಚಿಕ್ಕೋನಿದ್ದಾಗಿಂದ ನನ್ನ ಮಾತನ್ನ ಎಲ್ಲರಿಗೂ ಮುಟ್ಟಿಸಿದೋಳು ಅವಳೇ, ಈ ಮಾತನ್ನೂ ಮುಟ್ಟಿಸ್ತಾಳೆ ಅಂತ."

ಪೆನ್ನುಗಳು ಸರಸರ ಓಡಿದವು. ಒಬ್ಬಿಬ್ಬರು ಫೋನು ಹಿಡಿದು ಬಾಗಿಲಿನತ್ತ ನುಗ್ಗಿದರು, ಆಯೋಜಕನ ನಂಬರು ಹುಡುಕುತ್ತಾ.

ತಮ್ಮ ಅವಳನ್ನೇ ನೋಡುತ್ತಿದ್ದ. ಅದು ಸಿಟ್ಟಿನ ನೋಟವೋ ಬೇರೆಯೋ ಅಷ್ಟು ದೂರದಿಂದ ತಿಳಿಯುತ್ತಿರಲಿಲ್ಲ. ಅವನ ಹೆಬ್ಬೆರಳು ಮೈಕಿನ ಕತ್ತಿಗೆ ಹೋಯಿತು. ಟೇಪಿಲ್ಲದ ಸ್ವಿಚ್ಚು ಟಕ್ಕೆಂದಿತು. ಆಮೇಲೆ ಅವನ ತುಟಿಗಳು ಅಲುಗಿದವು. ಉದ್ದನೆಯ ಮಾತಲ್ಲ, ಅವಳಿಗೊಬ್ಬಳಿಗೇ ಆಡಿದ್ದು.

ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಬರೀ ಸೊಂಯ್ ಎನ್ನುವ ಮೌನ. ಪಕ್ಕದಲ್ಲಿ ನಿಂತಿದ್ದ ವರದಿಗಾರ, ಏನಂದ್ರು ಮೇಡಂ ಎಂದು ಕೇಳಿದ. ಕೇಳಿಸಲಿಲ್ಲ ಎಂದಳು.

ಹೆಡ್‌ಫೋನು ತೆಗೆದಿಟ್ಟು ಎದ್ದಳು. ಪುಟ್ಟ ಮೈಕಿನಲ್ಲಿ ಜೀವ ಹಾಗೇ ಇತ್ತು. ಅವಳು ಹಿಂದಕ್ಕೆ ತಳ್ಳಿದ ಕುರ್ಚಿಯ ಕಿರ್ರೆಂಬ ಸದ್ದು, ಚಪ್ಪಲಿಯ ಸದ್ದು, ಎಲ್ಲ ಸಭಾಂಗಣದ ತುಂಬ ದೊಡ್ಡದಾಗಿ ಕೇಳಿಸಿತು. ಜನ ದಾರಿ ಬಿಟ್ಟರು. ಅವಳು ಹಿಂದಿರುಗಿ ನೋಡದೆ ತಮ್ಮನ ಮೇಜಿನತ್ತ ನಡೆದಳು, ಅವನು ಏನಂದನೆಂದು ಹತ್ತಿರ ನಿಂತು ಕೇಳಿಕೊಳ್ಳಲು.